ವಿಷದ ತಟ್ಟೆಯ ಹೊಟ್ಟೆಕಿಚ್ಚು

ನಾನು ಅಂಗೈಯಗಲದ ಒಂದು ಗಾಜಿನ ತಟ್ಟೆ. ನಾನು ಹುಟ್ಟಿದ ಕುಲುಮೆಯಲ್ಲೇ ನನ್ನ ಬೆನ್ನಿಗೇ ಹುಟ್ಟಿದವಳು ನನ್ನ ತಂಗಿ. ಒಂದೇ ಪೆಟ್ಟಿಗೆಯಲ್ಲಿ ಕೆರೆ ಪಕ್ಕದ ಮೀನು ಪ್ರಯೋಗಾಲಯಕ್ಕೆ ಬಂದೆವು. ಅಲ್ಲಿಯವರೆಗೆ ನಮ್ಮಲ್ಲಿ ಭೇದವಿರಲಿಲ್ಲ.

ಭೇದ ಮಾಡಿದವರು ಅಲ್ಲಿನ ವಿಜ್ಞಾನಿ ಸುಧಾಮಣಿ ಮೇಡಂ. ಎಲ್ಲಿಂದಲೋ ಬಂದು ಸೇರಿಕೊಂಡ ಆಫ್ರಿಕನ್ ಕ್ಯಾಟ್‌ಫಿಶ್ ನಮ್ಮ ಕೆರೆಯ ಗೆಂಡೆ ಮೀನುಗಳನ್ನು ನುಂಗುತ್ತಿತ್ತು. ಔಷಧಿ ಹಾಕಿ ಅದರ ಸಂತಾನವನ್ನು ಮೊಟ್ಟೆಯಲ್ಲೇ ಮುಗಿಸಬಹುದೇ ಎಂದು ಅವರು ನೋಡಬೇಕಿತ್ತು. ಮೊಟ್ಟೆಗಳನ್ನು ನಮ್ಮಿಬ್ಬರಿಗೂ ಹಂಚಿದರು. ತಂಗಿಗೆ ತಿಳಿನೀರು, ನನಗೆ ಔಷಧಿ ಬೆರೆತ ನೀರು.

ತಂಗಿಯ ಮೊಟ್ಟೆಗಳಲ್ಲಿ ಕಣ್ಣು ಮೂಡಿತು, ಬಾಲ ಅಲುಗಿತು. ನನ್ನವು ಬಿಳಚಿಕೊಂಡವು. ಉಳಿದ ಒಂದೆರಡರ ಬಾಲ ಸೊಟ್ಟಗಾಗಿ, ಎದೆ ಊದಿಕೊಂಡು, ಬಡಿತ ನಿಧಾನವಾಗಿ ನಿಂತಿತು.

"ಚೆಲುವಮ್ಮ, ಬನ್ನಿ ಇಲ್ಲಿ, ಹೃದಯ ಹೊಡ್ಕೊಳ್ಳೋದು ನೋಡಿ!" ಎಂದು ಮೇಡಂ ಅಟೆಂಡರ್ ಚೆಲುವಮ್ಮನನ್ನು ಕರೆದು ತೋರಿಸುತ್ತಿದ್ದದ್ದು ತಂಗಿಯನ್ನೇ. ನನ್ನನ್ನು ನೋಡಲು ಯಾರನ್ನೂ ಕರೆಯಲಿಲ್ಲ. ಪ್ರತಿ ಸಲವೂ ಹೀಗೇ. ತಂಗಿಯ ಮರಿಗಳನ್ನೂ ಆಮೇಲೆ ಉಳಿಸುತ್ತಿರಲಿಲ್ಲ, ಕೆರೆಗೆ ಬಿಡುವಂಥ ಮೀನಲ್ಲವಲ್ಲ. ಆದರೂ ಅವು ಹುಟ್ಟಿದ್ದವು! ನನ್ನೊಳಗೂ ಒಂದೇ ಒಂದು ಜೀವ ಓಡಾಡಲಿ ಎಂದು ನಾನು ಆಸೆಪಡುತ್ತಿದ್ದೆ. ಅವಳನ್ನು ಕಂಡರೆ ಮೈಯೆಲ್ಲ ಉರಿಯುತ್ತಿತ್ತು.

ಕೊನೆಗೊಮ್ಮೆ ಗೆಂಡೆ ಮೀನಿನ ಮೊಟ್ಟೆ ಹಾಕಿದರು. ಅವೂ ನನ್ನಲ್ಲಿ ಸತ್ತವು. ಮೇಡಂ ತಲೆಯ ಮೇಲೆ ಕೈಹೊತ್ತು ಕುಳಿತರು. "ಉಳಿಸ್ಬೇಕಾದ್ದನ್ನೂ ಕೊಲ್ಲತ್ತೆ ಇದು. ಕೆರೆಗೆ ಹಾಕೋದು ಬೇಡ" ಎಂದರು. ಅಲ್ಲಿಗೆ ಆ ಕೆಲಸ ನಿಂತಿತು.

ಅಂಚು ಮುಕ್ಕಾಗಿದ್ದ ನಮ್ಮಿಬ್ಬರನ್ನೂ ಚೆಲುವಮ್ಮ ತಿಕ್ಕಿ ತೊಳೆದು ಹಿತ್ತಲ ಕಿಟಕಿಯ ಕಟ್ಟೆಗೆ ಇಟ್ಟಳು. ತಂಗಿಗೆ ನವಣೆ, ನನಗೆ ನೀರು. ಗುಬ್ಬಿಗಳು ಅವಳ ಸುತ್ತ ಚಿಲಿಪಿಲಿಗುಟ್ಟುತ್ತಿದ್ದವು, ನನ್ನಲ್ಲಿ ಕೊಕ್ಕು ಅದ್ದಿ ಹಾರಿಬಿಡುತ್ತಿದ್ದವು. ಮುದಿತನದಲ್ಲೂ ಅವಳದೇ ದರ್ಬಾರು.

ಮಗಳ ಬಾಣಂತನಕ್ಕೆಂದು ಚೆಲುವಮ್ಮ ರಜೆ ಹಾಕಿದಳು. ನವಣೆ ಮುಗಿದು ಗುಬ್ಬಿಗಳು ಬರುವುದು ನಿಂತಿತು. ನನ್ನ ನೀರು ಮಾತ್ರ ನೆರಳಲ್ಲಿ ಹಾಗೇ ಉಳಿಯಿತು. ಒಂದು ಬೆಳಿಗ್ಗೆ ನನ್ನೊಳಗೆ ಏನೋ ಮಿಸುಕಿತು. ಆಮೇಲೆ ಇನ್ನೊಂದು. ಬಾಲ ಕುಣಿಸುತ್ತ ಮೇಲೆ ಬಂದು, ಉಸಿರೆಳೆದು, ತಳಕ್ಕಿಳಿಯುತ್ತಿದ್ದವು. ಹೆಮ್ಮೆಯಿಂದ ಬೀಗಿದೆ.

ರಜೆ ಮುಗಿಸಿ ಬಂದ ಚೆಲುವಮ್ಮ ಬಗ್ಗಿ ನೋಡಿ ಕೂಗಿಕೊಂಡಳು: "ಅಯ್ಯೋ, ಸೊಳ್ಳೆ ಮರಿ ಆಗವೆ ಕಣ್ ಮೇಡಮ್ಮಾರೇ! ಡೆಂಗಿ ಬತ್ತದೆ!"

ಕಾದ ಸಿಮೆಂಟಿನ ಮೇಲೆ ನನ್ನನ್ನು ಬೋರಲು ಹಾಕಿದಳು. ಅವು ಸ್ವಲ್ಪ ಹೊತ್ತು ಒದ್ದಾಡಿ ಸುಮ್ಮನಾದವು. ತುಂಬ ಅತ್ತೆ.

ಈಗ ನಾನು ಒಣಗಿ ಕುಳಿತಿದ್ದೇನೆ. ಪಕ್ಕದಲ್ಲಿ ತಂಗಿಯೂ ಖಾಲಿ. ಆದರೆ ನನ್ನೊಳಗೂ ಮರಿಗಳು ಓಡಾಡಿದ್ದನ್ನು ಅವಳು ಕಣ್ಣಾರೆ ನೋಡಿದ್ದಾಳೆ. ಬೇಕಿದ್ದರೆ ಇನ್ನು ಅವಳು ಹೊಟ್ಟೆ ಉರಿದುಕೊಳ್ಳಲಿ.