ತುಂಬೆ ಗಿಡದ ಗಂಡು ಹುಳ

ನಾನು ಗುಂಡಣ್ಣ, ಗಿರಿನಗರದ ಪಾರ್ಕೊಂದರ ಮಾಲಿ. ಬೇಲಿ ಮೂಲೆಯ ತುಂಬೆ ಗಿಡಗಳ ಕೆಳಗೆ ಬಿಳಿ ತಟ್ಟೆ ಹಿಡಿದು, ಕಡ್ಡಿಯಿಂದ ತಟ್ಟುತ್ತಿದ್ದ ಮೈತ್ರೇಯಿ ಮೇಡಂ ಮೇಲೆ ಮೊದಲ ದಿನವೇ ರೇಗಿದ್ದೆ.

"ಗಿಡಕ್ಕೆ ಯಾಕ್ರೀ ಹೊಡೀತೀರಾ? ಅದೇನು ನಿಮ್ಮನ್ನ ಬೈತಾ?"

"ಬೈತಿರೋದು ನೀವು. ಗಿಡ ಸುಮ್ನಿದೆ."

ಆಕೆ ಕಾಲೇಜಿನಲ್ಲಿ ಹುಳಗಳನ್ನು ಓದಿದವಳು. ತಟ್ಟೆಗೆ ಬಿದ್ದ ಒಂದನ್ನು ಭೂತಗನ್ನಡಿಯಲ್ಲಿ ತೋರಿಸಿದಳು. ಎಳ್ಳಿನಷ್ಟು ಗಾತ್ರ, ಹಸಿರು ಮೈ, ಹೆಗಲ ಮೇಲೆ ಎರಡು ಕೆಂಪು ಚುಕ್ಕೆ. ಗಿಡದ ರಸ ಹೀರುವ ಜಾತಿ.

"ಇದನ್ನ ಇದುವರೆಗೆ ಯಾರೂ ಬರೆದಿಟ್ಟಿಲ್ಲ. ಆದ್ರೆ ಇದು ಹೆಣ್ಣು. ಗಂಡು ಸಿಗದೆ ಹೊಸ ಜಾತಿ ಅಂತ ಬರೆಯೋಕಾಗಲ್ಲ."

ಎರಡು ತಿಂಗಳು ದಿನಾ ಬಂದಳು. ಗಂಡು ಸಿಗಲಿಲ್ಲ.

ಒಂದು ಶುಕ್ರವಾರ ದಾಸವಾಳಕ್ಕೆ ಔಷಧಿ ಹೊಡೆದೆ. ಕ್ಯಾನಿನಲ್ಲಿ ಸ್ವಲ್ಪ ಉಳಿಯಿತು. ಉಳಿದದ್ದನ್ನು ಚೆಲ್ಲದೆ ಬೇಲಿಯ ಗಿಡಗಳಿಗೆ ಹೊಡೆಯುವುದು ಮೂವತ್ತು ವರ್ಷದ ಅಭ್ಯಾಸ. ಹೊಡೆದೆ.

ಮರುದಿನ ಅವಳ ತಟ್ಟೆಗೆ ಬಿದ್ದದ್ದು ಸತ್ತ ಇರುವೆಗಳು. ಅವಳು ಬೈದಿದ್ದರೆ ನಾನೂ ತಿರುಗಿ ಬೈದು ಮುಗಿಸುತ್ತಿದ್ದೆ. ಬೈಯಲಿಲ್ಲ. ತಟ್ಟೆ ಒರೆಸಿಕೊಂಡು ಹೋದಳು. ಅವತ್ತು ರಾತ್ರಿ ಮುದ್ದೆ ತಿನ್ನುತ್ತಾ ಹೆಂಡತಿಗೆ ಎಲ್ಲಾ ಹೇಳಿದೆ.

ಸೋಮವಾರ ಬೆಳಿಗ್ಗೆ ಹೊಸಕೆರೆಹಳ್ಳಿಯ ನಮ್ಮ ಮನೆ ಬಾಗಿಲಲ್ಲಿ ಹೆಂಡತಿ ಅಂಜನಮ್ಮ ಶಿವನ ಪೂಜೆಗೆ ತುಂಬೆ ಹೂ ಬಿಡಿಸುತ್ತಿದ್ದಳು. ಪಾರ್ಕಿನಿಂದಲೇ ತಂದು ಒಡೆದ ಬಕೆಟ್ಟಿನಲ್ಲಿ ನೆಟ್ಟ ಗಿಡ. ದೇವರ ಹೂವೆಂದು ನನ್ನ ಔಷಧಿ ಕ್ಯಾನನ್ನು ಅದರ ಹತ್ತಿರ ಸೇರಿಸುವುದಿಲ್ಲ. ಹೂ ಬಿಡಿಸುವ ಮುಂಚೆ ಗೊಂಚಲನ್ನು ಬಿಳಿ ಟವೆಲಿನ ಮೇಲೆ ಬಗ್ಗಿಸಿ ಬೆರಳಿನಿಂದ ತಟ್ಟುತ್ತಾಳೆ. ಹುಳ ಇರುವ ಹೂವು ಶಿವನಿಗೆ ಆಗುವುದಿಲ್ಲವಂತೆ. ಎಷ್ಟೋ ವರ್ಷದಿಂದ ನೋಡುತ್ತಿದ್ದೇನೆ. ಅವತ್ತು ಟವೆಲನ್ನು ನೋಡಿದೆ. ಹಸಿರು ಎಳ್ಳುಗಳು ಓಡಾಡುತ್ತಿದ್ದವು.

"ಅಲ್ಲಾಡಬೇಡ ಕಣೇ!"

"ಪೂಜೆಗೆ ಹೊತ್ತಾಯ್ತು, ಬಿಡ್ರೀ."

"ಶಿವ ಕಾಯ್ತಾನೆ. ಇವು ಕಾಯಲ್ಲ!"

ಹುಳ ಹಿಡಿದಿಡಲು ಕರ್ಪೂರದ ಡಬ್ಬಿ ಎತ್ತಿಕೊಂಡೆ. ಅವಳು ಕೈಗೆ ಬಡಿದಳು. "ಆ ವಾಸನೆಗೇ ಸಾಯ್ತವೆ. ಇನ್ನೊಂದ್ಸಲ ಕೊಲ್ತೀರಾ?" ಗಾಜಿನ ಲೋಟ ತಂದು ತಾನೇ ಮೆಲ್ಲಗೆ ಕವುಚಿದಳು.

ಫೋನು ಮಾಡಿದ ಅರ್ಧ ಗಂಟೆಯಲ್ಲಿ ಮೈತ್ರೇಯಿ ಬಂದಳು. ಹೊಸ್ತಿಲ ಮೇಲೆ ಕೂತು ಬಹಳ ಹೊತ್ತು ಭೂತಗನ್ನಡಿಯಲ್ಲಿ ನೋಡಿದಳು.

"ನಾಲ್ಕಿವೆ. ಎರಡು ಗಂಡು." ಕಣ್ಣು ಒರೆಸಿಕೊಂಡಳು.

"ಅವತ್ತು ನಾನು ಔಷಧಿ ಹೊಡೆದಿದ್ದು ತಪ್ಪು!" ಎಂದೆ.

"ತಪ್ಪಾಯ್ತು ಅನ್ನೋದಕ್ಕೂ ಕಿರುಚಬೇಕಾ?" ಎಂದಳು ಅಂಜನಮ್ಮ.

ಮೈತ್ರೇಯಿ ಚೂರು ಕಾಗದದಲ್ಲಿ ಊರು, ತಾರೀಕು, ಗಿಡದ ಹೆಸರು ಬರೆದಳು. ಹುಳದ ಜೊತೆ ಆ ಚೀಟಿ ಶಾಶ್ವತವಾಗಿ ಇರುತ್ತದಂತೆ. ಕೊನೆಯ ಸಾಲನ್ನು ನಾನೇ ಓದಿ ಹೇಳಿದೆ: "ಹಿಡಿದವರು, ಅಂಜನಮ್ಮ."

ಅವಳು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಆಮೇಲೆ ಕೇಳಿದಳು, "ಒಂದು ಜೋಡಿ ಸಾಕಾಗಲ್ವೇನಮ್ಮ?"

"ಸಾಕು ಅಮ್ಮ."

ಉಳಿದ ಜೋಡಿಯನ್ನು ಬಕೆಟ್ಟಿನ ಗಿಡಕ್ಕೆ ಬಿಟ್ಟು, ಕೈ ತೊಳೆದು ಪೂಜೆಗೆ ಹೋದಳು.