ಕಪ್ಪು ಕಂಡರೆ ಪಕ್ಕಕ್ಕೆ

ಅಮ್ಮನ ಗರ್ಭಕೋಶದಲ್ಲಿ ಗಡ್ಡೆ. ಸಾಧಾರಣದ್ದೋ ಕ್ಯಾನ್ಸರೋ ನೋಡಲು ಕೋಲಾರದಲ್ಲಿ ಎಂಆರ್‌ಐ ತೆಗೆದು, ಫಿಲಂ ಕೈಗಿಟ್ಟು, "ಡಾಕ್ಟರು ನಾಳೆ ಹೇಳ್ತಾರೆ" ಎಂದು ಅಟ್ಟಿಬಿಟ್ಟರು. ಉತ್ತರ ಕೈಯಲ್ಲೇ ಇದೆ, ಓದಲು ನಾಳೆ ಬರಬೇಕಂತೆ! ಮೈಯೆಲ್ಲ ಉರಿಯಿತು ನನಗೆ.

ನೇರ ಶ್ರೀನಿವಾಸಪುರದ ಮಾವಿನ ಮಂಡಿಗೆ ಬಂದೆವು. ಅಮ್ಮ ಅಲ್ಲಿ ಹಣ್ಣು ಆರಿಸುವವಳು, ನಾನು ಕ್ರೇಟು ಹೊರುವವನು. ಆರಿಸುವವರದು ಒಂದೇ ಲೆಕ್ಕ: ಕಪ್ಪು ಕಂಡರೆ ಪಕ್ಕಕ್ಕೆ ಎಸೆ. ಅವರಿಗೆಲ್ಲ ಹಿರಿಯನಾದ ಆಂಜಿನಪ್ಪ ಫಿಲಮನ್ನು ಬಿಸಿಲಿಗೆ ಹಿಡಿದ. ನಟ್ಟನಡುವೆ ಗುಂಡಗೆ, ಕರ್ರಗೆ ಒಂದು ಉಂಡೆ.

"ಏಮಮ್ಮಾ ಇದಿ! ಪೂರ್ತಿ ಕಪ್ಪು ಕಣಮ್ಮೋ ಮುತ್ಯಾಲಮ್ಮ!"

ಅಮ್ಮನೂ ಇಣುಕಿದಳು. "ನಾನಾದ್ರೂ ಎಸೀತಿದ್ದೆ ಬಿಡಣ್ಣ" ಎಂದು ನಿಟ್ಟುಸಿರಿಟ್ಟು ನನ್ನತ್ತ ತಿರುಗಿದಳು. "ಲೇ ಭೀಮರಾಜ, ಕಣ್ಮುಚ್ಚೋ ಮುಂಚೆ ನಿನ್ ಮದುವೆ ನೋಡ್ಬೇಕು ಕಣೋ."

"ನನ್ ಮಗಳು ಗಂಗಾ ಒಪ್ಕೊಂಡವ್ಳೆ" ಎಂದ ಆಂಜಿನಪ್ಪ. ಮದುವೆ ಬೇಡವೆಂದು ವರ್ಷಗಟ್ಟಲೆ ಹಾರಾಡಿದ್ದ ನಾನು, ಆ ಕಪ್ಪು ನೋಡಿ, ಮಂಡಿಯವರೆಲ್ಲರ ಮುಂದೆ ತಲೆಯಾಡಿಸಿಬಿಟ್ಟೆ.

ಮರುದಿನ ಡಾಕ್ಟರಮ್ಮ ಫಿಲಮನ್ನು ದೀಪಕ್ಕೆ ಸಿಕ್ಕಿಸುವ ಮೊದಲೇ ಮೇಜು ಗುದ್ದಿದೆ. "ಮುಚ್ಚಿಡ್ಬೇಡಿ ಮೇಡಂ! ಕೊಳೆತದೆ ಅಂತ ಗೊತ್ತು ನಮ್ಗೆ!"

"ಯಾರ್ರೀ ಹೇಳಿದ್ದು?"

"ಇಡೀ ಮಂಡಿ! ಅಷ್ಟು ಕರ್ರಗಿದೆಯಲ್ಲ!"

ಆಕೆ ಕನ್ನಡಕ ತೆಗೆದು ನಕ್ಕರು. "ಈ ಚಿತ್ರದಲ್ಲಿ ಕರ್ರಗಿದ್ರೇನೇ ಒಳ್ಳೇದಪ್ಪ. ಕೆಟ್ಟ ಗಡ್ಡೆ ಸಾಮಾನ್ಯವಾಗಿ ಬೆಳ್ಳಗೆ, ಅಂಚು ಕಲಸಿಕೊಂಡಂಗೆ ಕಾಣುತ್ತೆ. ಇದರ ಅಂಚು ಎಷ್ಟು ನೀಟಾಗಿದೆ ನೋಡು. ಇನ್ನೊಂದು ಚಿತ್ರದಲ್ಲೂ ಹೊಳೀತಿಲ್ಲ. ಆಪರೇಷನ್ ಮಾಡಿ ಗಡ್ಡೆ ತೆಗೆದ್ಮೇಲೆ ಲ್ಯಾಬಿಗೆ ಕಳಿಸೇ ಕಳಿಸ್ತೀವಿ, ಆದ್ರೆ ನನಗೇನೂ ಭಯ ಕಾಣ್ತಿಲ್ಲ."

ಅಮ್ಮ ಕುರ್ಚಿಯಿಂದ ಎದ್ದೇಬಿಟ್ಟಳು. "ಪೂರ್ತಿ ಕಪ್ಪೇ ತಾನೇ ಮೇಡಂ? ಎಲ್ಲೂ ಬಿಳಿ ಇಲ್ವಲ್ಲ? ಇನ್ನೊಂದ್ಸಲ ನೋಡಿ!"

ಬಸ್ಸಿನಲ್ಲಿ ದಾರಿಯುದ್ದಕ್ಕೂ ಅಮ್ಮ ಸೆರಗು ಬಾಯಿಗಿಟ್ಟುಕೊಂಡು ಕಿಸಿಕಿಸಿ ನಕ್ಕಳು. ಕಂಡಕ್ಟರನಿಗೂ ಫಿಲಂ ತೋರಿಸಿದಳು. "ನೋಡಪ್ಪ, ಎಷ್ಟು ಕಪ್ಪು!" ಅವನು ಗಾಬರಿಯಾಗಿ ಚಿಲ್ಲರೆ ಜಾಸ್ತಿಯೇ ಕೊಟ್ಟ. ನನಗೂ ನಗು ತಡೆಯಲಿಲ್ಲ. ಆದರೆ ಮಂಡಿಯ ಗೇಟು ಕಂಡದ್ದೇ ರಾತ್ರಿಯಿಡೀ ಅತ್ತದ್ದೆಲ್ಲ ನೆನಪಾಗಿ ರಕ್ತ ತಲೆಗೇರಿತು. "ಎಲ್ಲಯ್ಯಾ ಆ ಆಂಜಿನಪ್ಪ!" ಎಂದು ಕೈ ಎತ್ತಿಕೊಂಡೇ ನುಗ್ಗಿದೆ.

ಅಮ್ಮ ಹಿಂದಿನಿಂದ ಅಂಗಿ ಹಿಡಿದೆಳೆದಳು.

"ಲೇ, ಹೊಡೀಬೇಡ್ವೋ! ನಿಮ್ಮಾವ ಕಣೋ!"