ರಾಗಿ ಡ್ರಮ್ಮಿನ ಮೇಲಿನ ಮದುವೆಗಳು

ಮತ್ತೆ ಗುರ್ರ್ ಅನ್ನುತ್ತಿದೆ, ಹುಣಸೆಹಣ್ಣಿನ ಲಾರಿಯಲ್ಲ, ಲಾರಿಯಾಗಿದ್ದರೆ ಇಷ್ಟು ಹೊತ್ತಿಗೆ ಬೀದಿ ದಾಟಿರುತ್ತಿತ್ತು, ಇದು ಮೂಲೆಯ ಕರಿ ಪೆಟ್ಟಿಗೆಯದೇ ಸದ್ದು ಎಂದು ಕೃಷ್ಣವೇಣಿ ಮೌಸಿನ ಮೇಲಿನ ಕೈ ತೆಗೆದಳು — ಎರಡು ಹಾರ್ಡ್‌ಡಿಸ್ಕುಗಳ ಪೆಟ್ಟಿಗೆ, ಗಂಡ ಸುರೇಂದ್ರ ಹನ್ನೊಂದು ವರ್ಷ ಹಿಂದೂಪುರದ ಸುತ್ತಮುತ್ತ ಕ್ಯಾಮೆರಾ ಹೊತ್ತು ಹಿಡಿದ ಮದುವೆಗಳೆಲ್ಲ ಅದರ ಹೊಟ್ಟೆಯಲ್ಲಿವೆ, ಅವನದು ಹಿಡಿಯುವ ಕೆಲಸ, ಇವಳದು ಕತ್ತರಿಸಿ ಜೋಡಿಸುವ ಕೆಲಸ, ಪಾಪ ಅದಕ್ಕೆ ಒಂದು ದಿನವೂ ರಜೆಯಿಲ್ಲ, ನರಳಲಿ, ಆದರೆ ಇವತ್ತೇ ನರಳಬೇಕಿತ್ತೇ, ಮೇಘನಾ ಕಲ್ಯಾಣದುರ್ಗದಲ್ಲಿ ಬಸ್ಸು ಹತ್ತಿ ಆಗಿದೆ, ಹನ್ನೊಂದಕ್ಕೆಲ್ಲ ಬಾಗಿಲಲ್ಲಿರುತ್ತಾಳೆ, ಅವಳ ಮದುವೆಯ ಕತ್ತರಿಸದ ವೀಡಿಯೋ ಕಾಪಿ ಆಗಿರುವುದು ನೂರಕ್ಕೆ ಮೂವತ್ತೊಂದು, ಕ್ಯಾಮೆರಾದ ಕಾರ್ಡುಗಳನ್ನು ಅಳಿಸಿ ಆಮೇಲೆ ಎಷ್ಟು ಮದುವೆ ಹಿಡಿದಾಯಿತೋ, ಇದರಲ್ಲಿ ಬಿಟ್ಟರೆ ಇನ್ನೆಲ್ಲೂ ಇಲ್ಲ — ಸಾಯಬೇಡ ಕಣೇ, ಇನ್ನೊಂದು ಗಂಟೆ ತಡಕೋ, ಎಂದು ಪೆಟ್ಟಿಗೆಯ ತಲೆ ಸವರಿದಳು, ಸವರಿದ ಕೈಗೆ ಕುಂಕುಮ ಅಂಟಿತು, ಆಯುಧಪೂಜೆಯಲ್ಲಿ ಅತ್ತೆ ಈರಕ್ಕ ಇಟ್ಟದ್ದು. ಸುರೇಂದ್ರನೂ ಈ ಹೊತ್ತು ಕಲ್ಯಾಣದುರ್ಗದಲ್ಲೇ ಇನ್ಯಾರದೋ ಮದುವೆಯಲ್ಲಿದ್ದಾನೆ, ಬೆಳಿಗ್ಗೆ ಇವಳು ಫೋನು ಮಾಡಿ, ಕೇಳಿ ನೋಡಿ ಎಂದು ಫೋನನ್ನು ಪೆಟ್ಟಿಗೆಗೆ ಹಿಡಿದರೆ ಆ ಕಡೆಯಿಂದ ಡೋಲು, ನಾದಸ್ವರ, ಅವನಿಗೆ ಡಿಸ್ಕು ಕೇಳುವುದಿರಲಿ ಹೆಂಡತಿಯೇ ಸರಿಯಾಗಿ ಕೇಳಿಸಲಿಲ್ಲ, ಏಂ ಕಾದು ಕಣೆ, ಏನೂ ಆಗಲ್ಲ, ಸ್ಕ್ರೂ ನೋಡು, ಫ್ಯಾನ್ ನೋಡು, ಭಯ ಆದ್ರೆ ಆಫ್ ಮಾಡ್ಬುಡು, ನಾಳೆ ಬತ್ತೀನಿ. ಮನೆಗೆ ಬೆಂಕಿ ಬಿದ್ದರೂ ಇವನು ಏಂ ಕಾದು ಅನ್ನುವವನೇ, ಅದಕ್ಕೇ ಇವನನ್ನು ಕಂಡರೆ ಸಿಟ್ಟು, ಅದಕ್ಕೇ ಇವನಿಲ್ಲದಿದ್ದರೆ ಮನೆಯಲ್ಲಿ ಧೈರ್ಯವಿಲ್ಲ.

ಆಫ್ ಮಾಡುವುದಂತೆ, ನಾಳೆಯಂತೆ, ಆ ಹುಡುಗಿ ಹೋದ ವಾರ ಫೋನಿನಲ್ಲಿ ಅತ್ತದ್ದು ಇವನಿಗೇನು ಗೊತ್ತು — ಅಕ್ಕಾ, ಅಷ್ಟುದ್ದ ವೀಡಿಯೋದಾಗೆ ನಮ್ಮಪ್ಪ ಎಲ್ಲೂ ಇಲ್ಲ ಕಣಕ್ಕ, ನಾನು ಮೆಚ್ಚಿದೋನ್ನ ಮಾಡ್ಕಂಡೆ ಅಂತ ಕೋಪ ಮಾಡ್ಕಂಡು ಆಚೆ ಕುಂತ್ಬುಟ್ಟಿದ್ನಾ? ಕೇಳೋಣವೆಂದರೆ ಅವಳಪ್ಪ ಚೌಡಣ್ಣ ಇಲ್ಲ, ಮದುವೆಯಾದ ನಾಲ್ಕನೇ ತಿಂಗಳಿಗೆ ಎದೆನೋವೆಂದು ಮಲಗಿದವನು ಏಳಲಿಲ್ಲ. ಇದ್ದ ಕಣಮ್ಮ, ಎಲ್ಲಾ ಕಡೆ ಇದ್ದ, ಎಂದು ಹೇಳುವುದಕ್ಕೆ ಇವಳಿಗೆ ಬಾಯಿ ಬರಲಿಲ್ಲ, ಎಲ್ಲಾ ಹಾಕಿಕೊಡ್ತೀನಿ ಬಾ ಎಂದಷ್ಟೇ ಅಂದಳು, ಹೇಳಿದರೆ ಮತ್ತೆ ಯಾಕಿಲ್ಲ ಎಂದು ಕೇಳುತ್ತಿದ್ದಳಲ್ಲ — ನಾನೇ ಕತ್ತರಿಸಿದೆ ಕಣಮ್ಮ, ನಿಮ್ಮಪ್ಪನ ಕಂಕುಳಲ್ಲಿ ಚಪ್ಪಲಿ. ಮಣಿ ಹಾಕಿದ ಹೊಸ ಚಪ್ಪಲಿ, ಛತ್ರದ ಬಾಗಿಲಲ್ಲಿ ಬಿಚ್ಚಿ, ಅಪ್ಪಾ ಇಲ್ಲಿ ಕಳ್ಳರವ್ರೆ ನೋಡ್ಕಂಡಿರು ಎಂದು ನಗುತ್ತಾ ಓಡಿದವಳು ಅವಳೇ, ಆಮೇಲೆ ಅವಳಿಗೆ ನೆನಪೂ ಇಲ್ಲ, ಈ ಮನುಷ್ಯ ಬಾಗಿಲಲ್ಲಿ ಒಂದು ನಿಮಿಷ ನಿಂತು, ಎತ್ತಿ ಕಂಕುಳಿಗೆ ಸಿಕ್ಕಿಸಿಕೊಂಡವನು ಊಟದ ಸಾಲಿನಲ್ಲೂ ಹಾಗೇ, ಬೀಗರನ್ನು ಮಾತಾಡಿಸುವಾಗಲೂ ಹಾಗೇ, ಚಪ್ಪಲಿ ಇಟ್ಟುಕೊಂಡು ಮಂಟಪ ಹತ್ತುವ ಹಾಗಿಲ್ಲವಲ್ಲ, ಮೆಟ್ಟಿಲ ಕೆಳಗೇ ನಿಂತ, ಹೇಗೂ ಹೆಂಡತಿಯಿಲ್ಲದವನು, ಧಾರೆ ಎರೆದವರು ಚಿಕ್ಕಪ್ಪ ಚಿಕ್ಕಮ್ಮ, ತಲೆ ತಗ್ಗಿಸಿ ಕೂತ ಮದುಮಗಳಿಗೆ ಅವನು ಕಂಡಾನು ಹೇಗೆ. ಶುಭಕಾರ್ಯದ ವೀಡಿಯೋದಲ್ಲಿ ಚಪ್ಪಲಿ ಕಂಡರೆ ಬೀಗರು ಏನೆಂದಾರು ಎಂದು ಅವನು ಬಂದಲ್ಲೆಲ್ಲ ಕತ್ತರಿ ಆಡಿಸಿದವಳು ಇವಳು, ನೀಟಾಗಿ ಬಂದಿದೆ ಎಂದು ಸುರೇಂದ್ರ ಬೆನ್ನು ತಟ್ಟಿದ್ದ, ಎಂಥ ನೀಟು, ಹಾಳಾದ ನೀಟು.

ಐವತ್ತೆರಡು. ಸದ್ದು ಜೋರಾಯಿತೋ ಭಯ ಜೋರಾಯಿತೋ, ಡಿಸ್ಕುಗಳ ಸ್ಕ್ರೂ ಬಿಗಿಯಾಗಿವೆ, ಕಂಪ್ಯೂಟರಿನಲ್ಲಿ ಪೆಟ್ಟಿಗೆಯ ಪೇಜು ತೆರೆದು ನೋಡಿದರೆ ಎರಡಕ್ಕೂ ಹಸಿರು ಗುರುತು, ಫ್ಯಾನಿನ ಧೂಳು ಊದಿದ್ದಾಯಿತು, ಮೆಕ್ಯಾನಿಕ್ಕುಗಳ ಹಾಗೆ ಸ್ಕ್ರೂಡ್ರೈವರ್ ತುದಿ ಊರಿ ಹಿಡಿಗೆ ಕಿವಿ ಕೊಟ್ಟರೆ ಒಳಗೆ ಮೆಲ್ಲಗೆ ಸುಯ್ಯ್ ಅನ್ನುವುದಷ್ಟೇ, ಕಿವಿ ತೆಗೆದರೆ ಗುರ್ರ್, ಹಾಗಾದರೆ ಇದು ಎಲ್ಲಿಂದ — ಅಷ್ಟರಲ್ಲಿ ಈರಕ್ಕ ಮೊರ ಹಿಡಿದು ಬಂದಳು, ಅತ್ತೇ ಮುಟ್ಟಬೇಡಿ ಎನ್ನುವುದರೊಳಗೆ ಪೆಟ್ಟಿಗೆಯ ಕೆಳಗಿನ ತಗಡಿನ ಡ್ರಮ್ಮಿಗೆ ಕೈ ಊರಿದಳು, ಗುರ್ರ್ ನಿಂತಿತು, ಕೈ ತೆಗೆದಳು, ಗುರ್ರ್, ಮತ್ತೆ ಊರಿದಳು, ಇಲ್ಲ. ನಿನ್ ಪೆಟ್ಟಿಗೆ ಅಲ್ಲ ಕಣಮ್ಮ, ಡ್ರಮ್ಮು ಗದರ್ತಾ ಐತೆ, ನೆನ್ನೆ ರಾಗಿಯೆಲ್ಲಾ ಮಿಲ್ಲಿಗೆ ಕಳಿಸ್ಬುಟ್ಟೆನಲ್ಲ. ಅಯ್ಯೋ ಅತ್ತೆ, ಇದನ್ನು ಇಲ್ಲಿ ಇಡಿಸಿದವರೂ ನೀವೇ, ಊರ ಮದುವೆಗಳೆಲ್ಲ ಅದರಲ್ಲಿವೆ, ಮಂಗಳದ ವಸ್ತು ಧಾನ್ಯದ ಮೇಲೇ ಇರಬೇಕೆಂದು ಹಟ ಹಿಡಿದವರು, ರಾಗಿ ತುಂಬಿದ್ದಷ್ಟು ದಿನ ತೆಪ್ಪಗಿತ್ತು, ಖಾಲಿಯಾದ ತಕ್ಷಣ ಗಂಟಲು ಬಂತು, ಕೃಷ್ಣವೇಣಿಗೆ ಎಷ್ಟು ನಗು ಬಂತೆಂದರೆ ಕಣ್ಣಲ್ಲಿ ನೀರು, ಅತ್ತೆಯ ಕೆನ್ನೆ ಹಿಂಡಬೇಕೆನಿಸಿತು, ಹಿಂಡಿಯೇಬಿಟ್ಟಳು, ಹುಚ್ಚು ಹುಡುಗಿ ಎಂದು ಬೈದುಕೊಂಡೇ ಮುದುಕಿ ತನ್ನ ಕೌದಿ ತಂದು ನಾಲ್ಕು ಮಡಿಕೆ ಮಾಡಿ ಡ್ರಮ್ಮಿನ ಮೇಲೆ ಹಾಸಿದಳು, ಇಬ್ಬರೂ ಸೇರಿ ವೈರು ಕೀಳದಂತೆ ಪೆಟ್ಟಿಗೆಯನ್ನು, ಎಳೆಗೂಸಿನ ಹಾಗೆ, ಎತ್ತಿ ಅದರ ಮೇಲಿಟ್ಟರು.

ಮೌನ, ಎಷ್ಟು ಮೌನವೆಂದರೆ ಸ್ಟೇಷನ್ನಿನ ಕಡೆ ರೈಲು ಕೂಗಿದ್ದೂ ಕೇಳಿತು, ಎಂಬತ್ತು, ತೊಂಬತ್ತಾರು, ಮುಗಿಯಿತು, ಸರಿಯಾಗಿ ಬಂದಿದೆಯೋ ಇಲ್ಲವೋ ಒಂದು ತುಣುಕನ್ನು ತೆರೆದು ನೋಡೋಣ, ಹೊರಗೆ ಆಟೋ ನಿಂತಿತು, ಬಾರಮ್ಮ ಒಳಿಕ್ಕೆ ಎಂದು ಅತ್ತೆ ಕರೆಯುತ್ತಿದ್ದಾಳೆ, ಮೇಘನಾಳೇ, ಏಳಬೇಕು, ನೀರು ಕೊಡಬೇಕು, ಕತ್ತರಿಸಿದವಳು ನಾನು ಎಂದು ಮೊದಲು ಹೇಳಬೇಕು, ಆಮೇಲೆ ತೋರಿಸಬೇಕು, ಅಲ್ಲ, ಮೊದಲು ತೋರಿಸಬೇಕು, ಆಮೇಲೆ ಬೈಸಿಕೊಳ್ಳಬೇಕು — ಹಿಂದೆ ಹೆಜ್ಜೆ ಸದ್ದು ಬಂದು ನಿಂತಿತು, ಆ ಹುಡುಗಿಯ ಉಸಿರು ಇವಳ ಹೆಗಲ ಹತ್ತಿರ, ಪರದೆಯ ಮೇಲೆ ಎಲ್ಲರೂ ಅಕ್ಷತೆ ಎರಚುತ್ತಿದ್ದಾರೆ, ಮೆಟ್ಟಿಲ ಕೆಳಗೆ ಚೌಡಣ್ಣ, ಒಂದು ಕೈಯಲ್ಲಿ ಅಕ್ಷತೆ, ಇನ್ನೊಂದು ಕಂಕುಳಲ್ಲಿ ಚಪ್ಪಲಿ, ಎರಡು ಕೈಗೂ ಬಿಡುವಿಲ್ಲ, ಕಣ್ಣನ್ನು ಭುಜಕ್ಕೆ ಒರೆಸಿಕೊಳ್ಳುತ್ತಿದ್ದಾನೆ, ಚಪ್ಪಲಿ ಜಾರುತ್ತದೆ, ಒತ್ತಿ ಹಿಡಿಯುತ್ತಾನೆ, ಮತ್ತೆ ಭುಜಕ್ಕೆ ಒರೆಸಿಕೊಳ್ಳುತ್ತಾನೆ, ಕಂಕುಳಲ್ಲಿ ಚಪ್ಪಲಿ